ಕೆಳಗಿನ ಪಾಲು ಎಂದೂ ಇಪ್ಪತ್ತೇ

ಮತ್ತೆ ಅದೇ ಗ್ರಾಫು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಸಂಪತ್ತು ಸೂಚ್ಯಂಕದಲ್ಲಿ ರಾಜ್ಯದ ಎಷ್ಟು ಜನ 2015-16ರಲ್ಲಿ ‘ಅತಿ ಬಡವರ’ ಪಾಲಿನಲ್ಲಿದ್ದರು, 2019-21ರಲ್ಲಿ ಎಷ್ಟು ಜನ ಉಳಿದರು ಎಂದು ಎರಡು ಕಂಬ ನಿಲ್ಲಿಸುತ್ತಾರೆ. ನಡುವಿನ ಅಂತರಕ್ಕೆ ‘ಬಡತನ ಇಳಿಕೆ’ ಎಂದು ಹೆಸರಿಡುತ್ತಾರೆ. ಕಂಡರೆ ಮೈ ಉರಿಯುತ್ತದೆ.

ಈ ಸೂಚ್ಯಂಕಕ್ಕೆ ಮನೆಯ ಆದಾಯ ಬೇಕಿಲ್ಲ. ಕುಕ್ಕರ್, ಮಂಚ, ಫ್ಯಾನು, ಟಿ.ವಿ., ಸೈಕಲ್ಲು ಇವೆಯೇ, ನೆಲ ಎಂಥದು, ಶೌಚಾಲಯ ಎಂಥದು ಎಂದು ಬರೆದುಕೊಳ್ಳುತ್ತಾರೆ. ಯಾವುದಕ್ಕೆ ಎಷ್ಟು ಅಂಕ ಎಂಬುದು ಆಯಾ ಸುತ್ತಿನ ದತ್ತಾಂಶದಿಂದಲೇ ಹುಟ್ಟುತ್ತದೆ. ಆಮೇಲೆ ದೇಶದ ಜನರನ್ನೆಲ್ಲ ಸಾಲಾಗಿ ನಿಲ್ಲಿಸಿ ಐದು ಸಮಪಾಲು ಮಾಡುತ್ತಾರೆ. ಕೆಳಗಿನ ಪಾಲು 2005-06ರಲ್ಲಿ ಶೇ 20. 2015-16ರಲ್ಲಿ ಶೇ 20. 2019-21ರಲ್ಲೂ ಶೇ 20. ದೇಶವೆಲ್ಲ ಹಸಿದು ಮಲಗಿದರೂ 20, ಉಂಡು ತೇಗಿದರೂ 20. ಪಂಕ್ತಿಯಲ್ಲಿ ನೀವು ಎಲ್ಲಿ ಕೂತಿದ್ದೀರಿ ಎಂದಷ್ಟೇ ಅದು ಹೇಳುತ್ತದೆ, ಎಲೆಗೆ ಏನು ಬಿತ್ತು ಎಂದಲ್ಲ. ಒಂದು ರಾಜ್ಯ ಅಲ್ಲಿಂದ ಎದ್ದರೆ ಆ ಜಾಗಕ್ಕೆ ಇನ್ನೊಂದು ರಾಜ್ಯದವರು ಬಂದು ಕೂರಲೇಬೇಕು.

ವಸ್ತುವಿನ ಅಂಕವೂ ಒಂದೇ ಆಗಿ ಉಳಿಯುವುದಿಲ್ಲ, ಮೊಬೈಲನ್ನೇ ನೋಡಿ. 2005-06ರಲ್ಲಿ ಅದು ನೂರಕ್ಕೆ ಸುಮಾರು 17 ಮನೆಗಳಲ್ಲಿತ್ತು, 2019-21ರಲ್ಲಿ 93 ಮನೆಗಳಲ್ಲಿ. ಅಂದು ಉಳ್ಳವರ ಗುರುತು. ಇಂದು ಕೂಲಿಯವರಿಗೆ ಮೇಸ್ತ್ರಿ ಕೆಲಸಕ್ಕೆ ಕರೆಯುವುದೇ ಅದರಲ್ಲಿ.

ಹೋಲಿಸುವ ದಾರಿಯೇ ಇಲ್ಲವೆಂದು ಯಾರೂ ನೆಪ ಹೇಳಬೇಕಾಗಿಲ್ಲ. ಎಲ್ಲ ಸುತ್ತುಗಳಲ್ಲೂ ಕೇಳಿದ ವಸ್ತುಗಳನ್ನಷ್ಟೇ ಆರಿಸಿ, ಒಂದೇ ತೂಕ ಕೊಟ್ಟು ಅಳೆಯಬಹುದು. ಹಲವು ದೇಶಗಳಲ್ಲಿ ಇಂಥ ಸಮೀಕ್ಷೆಗಳಿಗೆ ನೆರವಾಗುತ್ತಿದ್ದ ಡಿಎಚ್‌ಎಸ್ ಕಾರ್ಯಕ್ರಮದ ತಜ್ಞರು 2014ರಲ್ಲೇ, ವಿಯೆಟ್ನಾಂನ 2002ರ ಸಮೀಕ್ಷೆಯನ್ನು ಅಳತೆಗೋಲಾಗಿ ಇಟ್ಟುಕೊಂಡು, ಹೋಲಿಕೆಯನ್ನು ಇನ್ನೊಂದು ಬಗೆಯಲ್ಲಿ ಮಾಡಿ ತೋರಿಸಿದರು. ಶ್ರಮ ಬೇಕು, ಅಷ್ಟೆ.

ಆದರೆ ಈ ದೇಶದಲ್ಲಿ ಅಳೆಯುವ ಆಸೆಯೇ ಬತ್ತಿದೆ. 2017-18ರ ಬಳಕೆ ವೆಚ್ಚದ ಸಮೀಕ್ಷೆಯ ವರದಿಯನ್ನು ಸರ್ಕಾರ ಹೊರಬಿಡಲಿಲ್ಲ. 2021ರ ಜನಗಣತಿ ಆ ವರ್ಷ ನಡೆಯಲಿಲ್ಲ. 2024ರ ಜನವರಿಯಲ್ಲಿ ನೀತಿ ಆಯೋಗದ ಪ್ರಬಂಧವೊಂದು 24.82 ಕೋಟಿ ಜನ ಬಹು ಆಯಾಮದ ಬಡತನ ದಾಟಿದರೆಂದು ಸಾರಿತು. ಅದರಲ್ಲಿನ 2022-23ರ ಅಂಕಿ ಯಾರ ಮನೆ ಬಾಗಿಲಲ್ಲೂ ನಿಂತು ಕೇಳಿದ್ದಲ್ಲ. ಹಳೆಯ ಸುತ್ತುಗಳ ವೇಗವನ್ನೇ ಮುಂದಕ್ಕೆ ಎಳೆದು ಊಹಿಸಿದ್ದು. ಇಂಥ ಊಹೆಗೆ ಸಂಭ್ರಮ ಪಡುವುದು ಬಡವರಿಗೆ ಮಾಡುವ ಅವಮಾನ.

ಸುತ್ತಿನಿಂದ ಸುತ್ತಿಗೆ ಹೋಲಿಸಲೇಬೇಕೆಂದರೆ ಅದೇ ಕುಟುಂಬ ಆರೋಗ್ಯ ಸಮೀಕ್ಷೆ ಬೆರಳು ಚುಚ್ಚಿ ತೆಗೆದ ರಕ್ತದ ಲೆಕ್ಕ ನೋಡಿ. ಗರ್ಭಿಣಿಯಲ್ಲದ ಹೆಂಗಸಿಗೆ ಡೆಸಿಲೀಟರಿಗೆ 12 ಗ್ರಾಂ ಹಿಮೋಗ್ಲೋಬಿನ್ ಬೇಕು. ಪಕ್ಕದ ಮನೆಯವರು ಟಿ.ವಿ. ಕೊಂಡರೆಂದು ಆ ಗೆರೆ ಜರುಗುವುದಿಲ್ಲ. 15ರಿಂದ 49 ವರ್ಷದ ಹೆಂಗಸರಲ್ಲಿ ರಕ್ತಹೀನತೆ 2015-16ರಲ್ಲಿ ಸುಮಾರು ಶೇ 53 ಇದ್ದದ್ದು 2019-21ರಲ್ಲಿ ಶೇ 57 ಆಯಿತು. ನಮ್ಮ ಕರ್ನಾಟಕದಲ್ಲಿ 44.8 ಇದ್ದದ್ದು 47.8. ಈ ಎರಡು ಕಂಬಗಳನ್ನೂ ನಿಮ್ಮ ಗ್ರಾಫಿನ ಪಕ್ಕದಲ್ಲೇ ನಿಲ್ಲಿಸಿ.