ಹೆಂಚು ಒಡೆಯದ ಕೈ

ಕಳೆದ ಸಂಚಿಕೆಯಲ್ಲಿ ನಾವು ಬರೆದ ಉಪ್ಪಿನಕಾಯಿ ಜಾಡಿಯ ಪುರಾಣವನ್ನು ಓದಿ ನಾಲ್ಕಾರು ಮಂದಿ ಗೃಹಿಣಿಯರು ಕಾಗದ ಬರೆದು ನಮ್ಮನ್ನು ತಿದ್ದಿದ್ದಾರೆ. ಅವರಿಗೆ ವಂದನೆಗಳು. ಈ ಸಲ ಅಡಿಗೆಮನೆಯ ಗೊಡವೆ ಬಿಟ್ಟು ಚೀನದೇಶಕ್ಕೆ ಹೊರಡೋಣ. ಗುಮಾಸ್ತನ ಸಂಬಳದಲ್ಲಿ ಆಗುವ ವಿದೇಶಯಾತ್ರೆ ಇಂಥದೇ.

ಈ ಯಾತ್ರೆಗೆ ಕಾರಣ ನಮ್ಮ ಹನ್ನೊಂದು ವರ್ಷದ ಚಿರಂಜೀವಿಯ ಬಲಗೈ. ಚೆನ್ನೈಯಲ್ಲಿ ನಾವಿರುವ ಬೀದಿಯ ಹತ್ತಿರ ಕುಂಗ್ ಫೂ ಕಲಿಸುವ ಶಾಲೆಯೊಂದಿದೆ. ಒಳಶಕ್ತಿ ಕೂಡಿಬಂದರೆ ಹೆಂಚು ತಾನಾಗಿ ಒಡೆಯುವುದೆಂದು ಅಲ್ಲಿಯ ಗುರುಗಳು ಹೇಳಿದರಂತೆ. ಮೂರು ತಿಂಗಳಲ್ಲಿ ಒಳಶಕ್ತಿ ಬಂದಾಯಿತೆಂದು ನಂಬಿದ ಹುಡುಗ, ಹಿತ್ತಿಲಿನಲ್ಲಿದ್ದ ಹೆಂಚನ್ನು ಎರಡು ಇಟ್ಟಿಗೆಗಳ ಮೇಲಿಟ್ಟು ಗುದ್ದಿದ. ಹೆಂಚು ಇದ್ದ ಹಾಗೆಯೇ ಇತ್ತು. ಕಿರುಬೆರಳಿನ ಬುಡದ ಮೂಳೆ ಬಿರುಕುಬಿಟ್ಟಿತು. ಪ್ಲಾಸ್ಟರ್ ಹಾಕಿಸಿಕೊಂಡು ಆಟೋದಲ್ಲಿ ಬರುವಾಗ ಅವನು ಕೇಳಿದ: “ಅಪ್ಪಾ, ನನಗೆ ಶಕ್ತಿ ಬರಲಿಲ್ಲವೋ, ಅಂಥ ಶಕ್ತಿಯೇ ಇಲ್ಲವೋ?”

ನಮಗೆ ಉತ್ತರ ಹೊಳೆಯಲಿಲ್ಲ. ಅವನ ತಲೆಯಲ್ಲಿ ಈ ಹುಳು ಬಿಟ್ಟವರು ಗುರುಗಳೊಬ್ಬರೇ ಅಲ್ಲವಷ್ಟೆ! 2011ರಲ್ಲಿ ಬಂದ ‘ಏಳಾಂ ಅರಿವು’ ಎಂಬ ತಮಿಳು ಚಿತ್ರವನ್ನು ತೋರಿಸಿ, ಕಂಚಿಯ ರಾಜಕುಮಾರನಾದ ಬೋಧಿಧರ್ಮನೇ ಚೀನೀಯರಿಗೆ ಈ ವಿದ್ಯೆ ಕಲಿಸಿದನೆಂದು ಎದೆಯುಬ್ಬಿಸಿ ಹೇಳಿದವರು ನಾವೇ. “ಎಲ್ಲವೂ ನಮ್ಮ ಕಡೆಯಿಂದ ಹೋದದ್ದು, ಮಗು” ಎಂದಿದ್ದೆವು. ಕಚೇರಿಯಲ್ಲಿ ದಾಖಲೆಯಿಲ್ಲದ ಒಂದು ಅರ್ಜಿಯನ್ನೂ ಮುಂದಕ್ಕೆ ಕಳಿಸದ ನಾವು, ಮನೆಯಲ್ಲಿ ದಾಖಲೆಯಿಲ್ಲದ ಮಾತಿಗೆ ಮೊಹರು ಒತ್ತಿಬಿಟ್ಟಿದ್ದೆವು. ನಾಲ್ಕು ದಿನ ರಜೆ ಹಾಕಿ, ಪುಸ್ತಕ ಹಿಡಿದು ಕುಳಿತೆವು.

ಹೆನಾನ್ ಪ್ರಾಂತದ ಸೊಂಗ್ ಬೆಟ್ಟದಲ್ಲಿರುವ ಶಾವೊಲಿನ್ ವಿಹಾರ ಹುಟ್ಟಿದ್ದು 495ರ ಸುಮಾರಿಗೆ, ಬತುವೊ ಎಂಬ ಹೊರನಾಡಿನ ಭಿಕ್ಷುವಿಗಾಗಿ. ಅವನು ಭಾರತೀಯನೆಂಬುದು ಸಂಪ್ರದಾಯ. ಬೋಧಿಧರ್ಮನ ಹೆಸರು ಬರುವುದು ಆಮೇಲೆ. ಅವನನ್ನು ದಕ್ಷಿಣ ಭಾರತದವನೆಂದು ಹೇಳುವ ಹಳೆಯ ಚೀನೀ ಬರಹಗಳೂ ಉಂಟು. ಅಷ್ಟರ ಮಟ್ಟಿಗೆ ನಮ್ಮ ಹೆಮ್ಮೆಗೆ ಆಧಾರವಿದೆ. ಆದರೆ ಆ ಬರಹಗಳಲ್ಲಿ ಅವನು ಕಲಿಸುವುದು ಧ್ಯಾನವನ್ನು, ಗುದ್ದಾಟವನ್ನಲ್ಲ. ಅವನ ಹೆಸರಿಗೆ ವ್ಯಾಯಾಮವನ್ನು ಅಂಟಿಸಿದ್ದು ‘ಯಿ ಜಿನ್ ಜಿಂಗ್’ ಎಂಬ ಗ್ರಂಥ. ಅದು ಬೆಳಕಿಗೆ ಬಂದದ್ದು 17ನೆಯ ಶತಮಾನದಲ್ಲಿ, ಅವನ ಕಾಲ ಕಳೆದು ಸಾವಿರ ವರ್ಷವಾದ ಮೇಲೆ! ತಾಂಗ್ ಹಾವೊ ಎಂಬ ಚೀನೀ ವಿದ್ವಾಂಸರೇ 1930ರಲ್ಲಿ ಈ ಕಥೆಯನ್ನು ಅಲ್ಲಗಳೆದಿದ್ದರು.

ಹಾಗಾದರೆ ವಿದ್ಯೆ ಬಂದದ್ದೆಲ್ಲಿಂದ? ಅಗತ್ಯದಿಂದ. ವಿಹಾರಕ್ಕೆ ಜಮೀನಿತ್ತು; ಜಮೀನಿದ್ದಲ್ಲಿ ಕಳ್ಳಕಾಕರೂ ಇರುತ್ತಾರೆ. 621ರಲ್ಲಿ ಶಾವೊಲಿನ್ ಭಿಕ್ಷುಗಳು, ಮುಂದೆ ತಾಂಗ್ ಚಕ್ರವರ್ತಿಯಾದ ಲಿ ಶಿಮಿನ್‌ನ ಪಕ್ಷ ವಹಿಸಿ ಹೋರಾಡಿದ ಸಂಗತಿ, 728ರಲ್ಲಿ ವಿಹಾರದಲ್ಲಿ ನಿಲ್ಲಿಸಿದ ಶಿಲಾಶಾಸನದಲ್ಲಿದೆ. ಮಿಂಗ್ ಅರಸರ ಕಾಲದಲ್ಲಿ ಆ ಭಿಕ್ಷುಗಳಿಗೆ ಹೆಸರು ತಂದದ್ದು ಮುಷ್ಟಿಗಿಂತ ದೊಣ್ಣೆ. ಅದೇ ಕಾಲದ ದಂಡನಾಯಕ ಚಿ ಜಿಗುವಾಂಗ್ ಕಡಲುಗಳ್ಳರನ್ನು ಎದುರಿಸಲು ರೈತರನ್ನು ಸೈನಿಕರನ್ನಾಗಿ ತಿದ್ದಿದವನು. ತನ್ನ ಯುದ್ಧಗ್ರಂಥದಲ್ಲಿ ಬರಿಗೈಯ 32 ಭಂಗಿಗಳನ್ನು ವಿವರಿಸಿದ್ದಾನೆ. ದೊಡ್ಡ ಯುದ್ಧದಲ್ಲಿ ಬರಿಗೈ ಉಪಯೋಗಕ್ಕೆ ಬರಲಾರದು, ಆದರೆ ಕೈಕಾಲು ಪಳಗಿಸಲು ಇದೇ ಮೊದಲ ಮೆಟ್ಟಿಲು ಎಂಬುದು ಅವನ ಅಭಿಪ್ರಾಯ. ಯುದ್ಧ ಕಂಡವನ ಮಾತು ನೋಡಿ, ಎಷ್ಟು ತೂಕವಾಗಿದೆ!

ಇನ್ನು ಒಳಶಕ್ತಿಯ ವಿಚಾರ. ‘ಒಳಗಿನ ಪಂಥ’ವೆಂಬ ಮಾತು ಮೊದಲು ಕಾಣುವುದು 1669ರಲ್ಲಿ ಹುವಾಂಗ್ ಜೊಂಗ್‌ಶಿ ಎಂಬ ಪಂಡಿತ ಬರೆದ ಒಂದು ಸಮಾಧಿ ಲೇಖನದಲ್ಲಿ. ಈಗ ಆ ಪಂಥದ ಹೆಸರೆತ್ತಿದರೆ ಮುಂದೆ ನಿಲ್ಲುವುದು ತಾಯ್‌ಚಿ. ಅದು ಹೆನಾನ್‌ನ ಚೆನ್ ಮನೆತನದ ಹಳ್ಳಿಯಲ್ಲಿ ಬೆಳೆದ ವಿದ್ಯೆ. ಹೊರಗಿನವನಾದ ಯಾಂಗ್ ಲುಚಾನ್ 19ನೆಯ ಶತಮಾನದಲ್ಲಿ ಆ ಹಳ್ಳಿಗೆ ಹೋಗಿ ಚೆನ್ ಚಾಂಗ್‌ಶಿಂಗ್‌ನಿಂದ ಕಲಿತು, ಬೀಜಿಂಗಿನಲ್ಲಿ ಹರಡಿದ. 1956ರಲ್ಲಿ ಚೀನೀ ಸರ್ಕಾರದ ಕ್ರೀಡಾ ಇಲಾಖೆ 24 ಭಂಗಿಗಳ ಸರಳ ಕ್ರಮವೊಂದನ್ನು ಹೊರತಂದಿತು. ಬೆಳಗಿನ ಹೊತ್ತು ಉದ್ಯಾನಗಳಲ್ಲಿ ಮುದುಕರು ನಿಧಾನವಾಗಿ ಕೈಯಾಡಿಸುವುದನ್ನು ನೀವು ಚಿತ್ರಗಳಲ್ಲಿ ನೋಡಿರಬಹುದು. 2020ರಲ್ಲಿ ಯುನೆಸ್ಕೊ ಇದನ್ನು ಮಾನವಕುಲದ ಪರಂಪರೆಗಳ ಪಟ್ಟಿಗೆ ಸೇರಿಸಿತು.

‘ಚಿ’ ಎಂದರೆ ಉಸಿರು, ಆವಿ. ನಮ್ಮ ‘ಪ್ರಾಣ’ ಎಂಬ ಮಾತಿಗೆ ಹತ್ತಿರ. ಹೊಕ್ಕುಳಿನ ಕೆಳಗೆ ಮನಸ್ಸನ್ನಿಟ್ಟು ಉಸಿರನ್ನು ಆಳಕ್ಕಿಳಿಸಬೇಕು, ಭುಜ ಸಡಿಲವಿರಬೇಕು, ಬಲ ಪಾದದಲ್ಲಿ ಹುಟ್ಟಿ ಸೊಂಟದಲ್ಲಿ ತಿರುಗಿ ಬೆರಳಿಗೆ ಬರಬೇಕು ಎನ್ನುತ್ತಾರೆ. ಇದರಲ್ಲಿ ಮಾಯೆಯೇನೂ ಇಲ್ಲ. ಊರಿನಲ್ಲಿ ನಮ್ಮಜ್ಜಿ ಭತ್ತ ಕುಟ್ಟುತ್ತಿದ್ದುದು ನೆನಪಾಗುತ್ತದೆ. ನಾವು ಒನಕೆ ಹಿಡಿದರೆ ಹತ್ತು ಪೆಟ್ಟಿಗೆ ತೋಳು ಸೋಲುತ್ತಿತ್ತು. ಆ ಸಣಕಲು ಮುದುಕಿ ಗಂಟೆಗಟ್ಟಲೆ ಕುಟ್ಟುತ್ತಿದ್ದಳು. ಅವಳು ಕುಟ್ಟುತ್ತಿದ್ದುದು ತೋಳಿನಿಂದಲ್ಲ, ಇಡೀ ಮೈಯಿಂದ, ಉಸಿರಿನ ಲಯದಿಂದ. ಚೀನೀಯರು ಬರಿಯ ತೋಳ್ಬಲಕ್ಕೆ ‘ಲಿ’ ಎಂದೂ, ಹೀಗೆ ಪಳಗಿದ ಬಲಕ್ಕೆ ‘ಜಿನ್’ ಎಂದೂ ಬೇರೆ ಬೇರೆ ಹೆಸರಿಟ್ಟಿದ್ದಾರೆ.

ತೊಂದರೆ ಬರುವುದು ಪಳಗಿದ ಬಲವನ್ನು ಪವಾಡವೆಂದು ಹೇಳಿದಾಗ. 1900ರಲ್ಲಿ ಬಾಕ್ಸರ್ ದಂಗೆಯ ತರುಣರು, ಮಂತ್ರ ಮತ್ತು ಸಾಧನೆಯಿಂದ ಮೈಗೆ ಗುಂಡು ತಾಗದೆಂದು ನಂಬಿ ವಿದೇಶೀ ಬಂದೂಕುಗಳ ಮುಂದೆ ನಿಂತರು. ಗುಂಡು ಯಾರ ನಂಬಿಕೆಯನ್ನೂ ಕೇಳಲಿಲ್ಲ. ಎದುರು ಪಕ್ಷದ ಬ್ರಿಟಿಷ್ ದಂಡಿನಲ್ಲಿ ನಮ್ಮ ದೇಶದ ಸಿಪಾಯಿಗಳೂ ಇದ್ದರೆಂಬುದು ಇನ್ನೊಂದು ನೋವಿನ ಮಾತು. 2017ರಲ್ಲಿ ಶು ಶಿಯಾವೊದೊಂಗ್ ಎಂಬ ಮಲ್ಲ, ವೆಯಿ ಲೆಯಿ ಎಂಬ ತಾಯ್‌ಚಿ ಗುರುವನ್ನು ಕೆಡವಲು ಅರ್ಧ ನಿಮಿಷವೂ ಬೇಕಾಗಲಿಲ್ಲ. ಹಾಗೆಂದು ವಿದ್ಯೆಯೇ ಸುಳ್ಳೆ? ಅದೂ ಅಲ್ಲ. ಅಮೆರಿಕದಲ್ಲಿ 195 ಮಂದಿ ಪಾರ್ಕಿನ್ಸನ್ ರೋಗಿಗಳನ್ನು ಮೂರು ಪಂಗಡ ಮಾಡಿ, ವಾರಕ್ಕೆ ಎರಡು ಸಲದಂತೆ 24 ವಾರ ಅಭ್ಯಾಸ ಮಾಡಿಸಿದರು. ತಾಯ್‌ಚಿ ಕಲಿತವರ ಸಮತೋಲ ಉಳಿದೆರಡು ಪಂಗಡದವರಿಗಿಂತ ಉತ್ತಮವಾಗಿತ್ತೆಂದೂ, ಬರಿಯ ಮೈ ಸಡಿಲಿಸುವ ವ್ಯಾಯಾಮ ಮಾಡಿದವರಿಗಿಂತ ಅವರು ಬೀಳುವುದು ಕಡಿಮೆಯಾಯಿತೆಂದೂ 2012ರಲ್ಲಿ ಪ್ರಕಟವಾಯಿತು. ಹೆಂಚು ಒಡೆಯುವುದಕ್ಕಿಂತ, ಬೀಳುವ ಮುದುಕನೊಬ್ಬ ಬೀಳದೆ ನಿಲ್ಲುವುದು ಸಣ್ಣ ಶಕ್ತಿಯೇನಲ್ಲ.

ಕೊನೆಯ ದಿನ ತಿಳಿದ ಒಂದು ಸಂಗತಿ ಎಲ್ಲಕ್ಕಿಂತ ಹಿಡಿಸಿತು. ‘ಕುಂಗ್ ಫೂ’ ಎಂಬ ಮಾತಿಗೆ ಕಾದಾಟವೆಂಬ ಅರ್ಥವೇ ಮೂಲದಲ್ಲಿಲ್ಲ. ಕಾಲ ಕೊಟ್ಟು, ಶ್ರಮಪಟ್ಟು ಗಳಿಸಿದ ಕೌಶಲಕ್ಕೆಲ್ಲ ಆ ಹೆಸರು ಸಲ್ಲುತ್ತದೆ. ಅಡಿಗೆಯವನಿಗೂ ಅದು ಇರಬಹುದು, ಅಕ್ಷರ ಬರೆಯುವವನಿಗೂ ಇರಬಹುದು.

ಆ ರಾತ್ರಿ ಮಗನನ್ನು ಕೂರಿಸಿಕೊಂಡು ಇಷ್ಟನ್ನೂ ಹೇಳಿದೆವು. ಬೋಧಿಧರ್ಮನ ವಿಷಯದಲ್ಲಿ ನಾವು ತಿಳಿಯದೆ ಹೇಳಿದ್ದು ತಪ್ಪೆಂದೂ ಒಪ್ಪಿಕೊಂಡೆವು. ಅಪ್ಪನಾದವನಿಗೆ ಅದು ಹೆಂಚು ಒಡೆಯುವಷ್ಟೇ ಕಷ್ಟ. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಅದು ನಮ್ಮದಲ್ಲವೇ?” ಎಂದ. “ಯಾರು ದಿನಾ ಮಾಡುತ್ತಾರೋ ಅವರದು” ಎಂದೆವು. ಹೊರನಾಡಿನಲ್ಲಿ ಕನ್ನಡ ಮಾತಾಡುವ ನಮ್ಮ ನಿಮ್ಮ ಮನೆಗಳಿಗೂ ಈ ಮಾತು ಸಲ್ಲುತ್ತದೆಂದು ಹೇಳುವಾಗಲೇ ಹೊಳೆಯಿತು.

ಶಾಲೆಯ ಗುರುಗಳನ್ನೂ ಕಂಡುಬಂದೆವು. ಮಕ್ಕಳ ಮುಂದೆ ಇನ್ನು ಹೆಂಚಿನ ಮಾತೆತ್ತುವುದಿಲ್ಲವೆಂದರು. ಪ್ಲಾಸ್ಟರ್ ಬಿಚ್ಚಿ ಆಗಲೇ ಒಂದು ತಿಂಗಳಾಯಿತು. ಹುಡುಗ ಬೆಳಿಗ್ಗೆ ಮಂಡಿ ಬಗ್ಗಿಸಿ ಐದು ನಿಮಿಷ ಅಲುಗದೆ ನಿಲ್ಲುತ್ತಾನೆ. ಪಕ್ಕದಲ್ಲಿ ನಾವೂ ನಿಲ್ಲುತ್ತೇವೆ. ಎರಡನೆಯ ನಿಮಿಷಕ್ಕೇ ತೊಡೆ ನಡುಗುತ್ತದೆ. ಹೆಂಚು ಈಗ ತುಳಸಿ ಕುಂಡದ ಕೆಳಗಿದೆ, ಕ್ಷೇಮವಾಗಿದೆ.