ಪಾಸಾದ ಟೆಸ್ಟ್‌ಗಳ ಲೆಕ್ಕ ಸಾಲದು

ಸಾಫ್ಟ್‌ವೇರ್ ಇರಲಿ, ಹಾರ್ಡ್‌ವೇರ್ ಇರಲಿ, ರಿಲೀಸ್‌ಗೆ ಮುಂಚಿನ ಸಭೆಯಲ್ಲಿ ಮೊದಲು ಏಳುವ ಪ್ರಶ್ನೆ ಒಂದೇ: ಎಷ್ಟು ಟೆಸ್ಟ್ ಪಾಸಾಗಿವೆ? ನೂರಕ್ಕೆ ತೊಂಬತ್ತೆಂಟು ಎಂಬ ಉತ್ತರ ಬಂದರೆ ಎಲ್ಲರಿಗೂ ನಿರಾಳ. ಆದರೆ ಬರೆದ ಟೆಸ್ಟ್‌ಗಳೆಲ್ಲ ಪಾಸಾಗಿ, ಬರೆಯಲೇಬೇಕಿದ್ದ ಒಂದು ಟೆಸ್ಟ್ ಬಿಟ್ಟುಹೋಗಿದ್ದರೆ ಈ ಅಂಕಿ ಅದನ್ನು ಹೇಳುವುದಿಲ್ಲ. ಕೈಗೆ ಬಂದ ವಸ್ತು ಯಾವಾಗ, ಹೇಗೆ ಕೈಕೊಡುತ್ತದೆ ಎಂದು ಹುಡುಕುವುದೇ ಟೆಸ್ಟಿಂಗ್‌ನ ನಿಜವಾದ ಕೆಲಸ. ಹುಡುಕುವವರಿಗೆ ಸಮಯವನ್ನೂ, ಅಗತ್ಯ ಬಿದ್ದರೆ ರಿಲೀಸ್ ತಡೆಯುವ ಅಧಿಕಾರವನ್ನೂ ಕೊಡುವುದು ಅದನ್ನು ನಿರ್ವಹಿಸುವವರ ಹೊಣೆ.

1996ರ ಜೂನ್ 4ರಂದು ಫ್ರೆಂಚ್ ಗಯಾನಾದ ಕೂರೂನಿಂದ ಮೊದಲ ಬಾರಿ ಮೇಲೇರಿದ ಏರಿಯಾನ್-5 ರಾಕೆಟ್ ಸುಮಾರು 40 ಸೆಕೆಂಡುಗಳಲ್ಲಿ ಛಿದ್ರವಾಯಿತು. ಅದರ ದಿಕ್ಕು ಅಳೆಯುವ ಉಪಕರಣದ ಸಾಫ್ಟ್‌ವೇರ್ ಏರಿಯಾನ್-4ರಿಂದ ಬಂದದ್ದು, ಅಲ್ಲಿ ತಕರಾರಿಲ್ಲದೆ ದುಡಿದದ್ದು. ಹೊಸ ರಾಕೆಟ್‌ನ ಅಡ್ಡ ವೇಗ ಹಳೆಯದಕ್ಕಿಂತ ಹೆಚ್ಚಾದ್ದರಿಂದ, ಅದಕ್ಕೆ ಸಂಬಂಧಿಸಿದ 64 ಬಿಟ್‌ನ ಸಂಖ್ಯೆಯೊಂದು 16 ಬಿಟ್‌ನ ಜಾಗದಲ್ಲಿ ಹಿಡಿಸದೆ ಉಪಕರಣ ನಿಂತಿತು. ಆಪತ್ತಿಗೆಂದು ಇಟ್ಟಿದ್ದ ಎರಡನೆಯ ಉಪಕರಣದಲ್ಲೂ ಇದ್ದದ್ದು ಅದೇ ಸಾಫ್ಟ್‌ವೇರ್. ಅದೂ ಅದೇ ಕಾರಣಕ್ಕೆ ನಿಂತಿತು. ಏರಿಯಾನ್-5ರ ಹಾರಾಟದ ಪಥವನ್ನು ಕೊಟ್ಟು ಆ ಉಪಕರಣವನ್ನು ಪರೀಕ್ಷಿಸಿರಲೇ ಇಲ್ಲ, ಇಡೀ ವ್ಯವಸ್ಥೆಯ ಸಿಮ್ಯುಲೇಶನ್‌ನಲ್ಲಿ ನಿಜವಾದ ಉಪಕರಣದ ಬದಲು ಅದರ ಅನುಕರಣೆಯನ್ನು ಬಳಸಲಾಗಿತ್ತು ಎಂದು ತನಿಖಾ ಮಂಡಳಿ ಹೇಳಿತು. ಇನ್ನೂ ವಿಷಾದದ ಸಂಗತಿಯೆಂದರೆ, ತಪ್ಪಿದ ಆ ಲೆಕ್ಕಾಚಾರ ಏರಿಯಾನ್-5 ನೆಲ ಬಿಟ್ಟ ಮೇಲೆ ಬೇಕೇ ಇರಲಿಲ್ಲ. ‘ಹಿಂದೆ ಸರಿಯಾಗಿತ್ತು, ಈಗಲೂ ಸರಿಯಿರುತ್ತದೆ’ ಎಂಬ ನಂಬಿಕೆಯೇ ಪರೀಕ್ಷೆಯ ಜಾಗವನ್ನು ಆಕ್ರಮಿಸಿತ್ತು.

ಟೆಸ್ಟ್‌ಗಳ ಸಂಖ್ಯೆ ಹೆಚ್ಚಿಸಿದರೆ ಸಾಕೇ? ಚಂದ್ರಯಾನ-2ಕ್ಕಾಗಿ ಇಸ್ರೊ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಬಳಿ ಚಂದ್ರನ ಕುಳಿಗಳನ್ನು ಹೋಲುವ ಗುಂಡಿಗಳನ್ನು ತೋಡಿಸಿ, ಮೇಲಿನಿಂದ ವಿಮಾನ ಹಾರಿಸಿ ಲ್ಯಾಂಡರ್‌ನ ಸೆನ್ಸರ್‌ಗಳನ್ನು ಪರೀಕ್ಷಿಸಿತ್ತು. ಅಷ್ಟು ಶ್ರಮಪಟ್ಟರೂ 2019ರ ಸೆಪ್ಟೆಂಬರ್‌ನಲ್ಲಿ ಆ ಲ್ಯಾಂಡರ್, ವಿಕ್ರಮ್, ಚಂದ್ರನ ನೆಲಕ್ಕೆ ಅಪ್ಪಳಿಸಿತು. ಎಂಜಿನ್‌ಗಳ ನೂಕುಬಲ ಅಂದುಕೊಂಡದ್ದಕ್ಕಿಂತ ಹೆಚ್ಚಾಗಿ ಸಣ್ಣ ಸಣ್ಣ ತಪ್ಪುಗಳು ಒಟ್ಟುಗೂಡಿದವು, ಅವನ್ನು ತಿದ್ದಿಕೊಳ್ಳಲು ಸಾಫ್ಟ್‌ವೇರ್‌ಗೆ ಅವಕಾಶ ಸಾಲಲಿಲ್ಲ ಎಂದು ಮುಂದೆ ಇಸ್ರೊ ಅಧ್ಯಕ್ಷರಾದ ಎಸ್. ಸೋಮನಾಥ್ ವಿವರಿಸಿದರು. ಚಂದ್ರಯಾನ-3ರಲ್ಲಿ ಇಸ್ರೊ ಪ್ರಶ್ನೆಯನ್ನೇ ಬದಲಿಸಿತು. ಸೆನ್ಸರ್ ಕೆಟ್ಟರೆ? ಎಂಜಿನ್ ಕೈಕೊಟ್ಟರೆ? ಲೆಕ್ಕ ತಪ್ಪಿದರೆ? ಒಂದೊಂದು ವೈಫಲ್ಯವನ್ನೂ ಮೊದಲೇ ಊಹಿಸಿ ವಿನ್ಯಾಸ ಮಾಡಿತು, ಹೆಲಿಕಾಪ್ಟರ್‌ಗೂ ಕ್ರೇನ್‌ಗೂ ಕಟ್ಟಿ ಪರೀಕ್ಷಿಸಿತು. 500 ಮೀಟರ್ ಚದರದ ಇಳಿದಾಣ 4 ಕಿ.ಮೀ. ಉದ್ದ, 2.4 ಕಿ.ಮೀ. ಅಗಲಕ್ಕೆ ಹಿಗ್ಗಿತು. 2023ರ ಆಗಸ್ಟ್ 23ರ ಯಶಸ್ಸಿನ ಹಿಂದೆ ಈ ಪ್ರಶ್ನೆಗಳಿದ್ದವು.

ರಾಕೆಟ್‌ಗೆ ಅದು ಸರಿ, ದಿನಬಳಕೆಯ ಸಾಫ್ಟ್‌ವೇರ್‌ಗೆ ಇಷ್ಟೆಲ್ಲ ಏಕೆ, ಬಗ್ ಕಂಡರೆ ಅಪ್‌ಡೇಟ್ ಕಳಿಸಿದರಾಯಿತು ಎನ್ನುವವರಿದ್ದಾರೆ. ಆದರೆ 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಸೈಬರ್ ಭದ್ರತಾ ಕಂಪನಿ ಕಳಿಸಿದ ಒಂದು ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ಕೆಟ್ಟು ನಿಂತವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲೂ ಸಿಬ್ಬಂದಿ ಬೋರ್ಡಿಂಗ್ ಪಾಸ್‌ಗಳನ್ನು ಕೈಯಲ್ಲಿ ಬರೆದುಕೊಟ್ಟರು. ಕಂಪನಿ 78 ನಿಮಿಷಗಳಲ್ಲಿ ಅಪ್‌ಡೇಟ್ ಹಿಂಪಡೆದರೂ, ಆನ್ ಆಗಲೇ ಒಲ್ಲದ ಕಂಪ್ಯೂಟರ್‌ಗಳ ಮುಂದೆ ಕೂತು ಒಂದೊಂದನ್ನೇ ಸರಿಪಡಿಸಬೇಕಾಯಿತು. ಹಾರ್ಡ್‌ವೇರ್‌ನಲ್ಲಂತೂ ಆ ಮಟ್ಟಿನ ಅವಕಾಶವೂ ಇಲ್ಲ. 2016ರಲ್ಲಿ ಸ್ಯಾಮ್‌ಸಂಗ್ ನೋಟ್-7 ಫೋನ್‌ಗಳಿಗೆ ಬೆಂಕಿ ಹತ್ತಿದಾಗ ಬೇರೆ ತಯಾರಕರ ಬ್ಯಾಟರಿ ಹಾಕಿದ ಬದಲಿ ಫೋನ್‌ಗಳನ್ನು ಕೊಡಲಾಯಿತು. ಬೇರೊಂದು ದೋಷದಿಂದ ಅವೂ ಉರಿದವು. ಕಡೆಗೆ ಆ ಮಾದರಿಯನ್ನೇ ಕೈಬಿಡಬೇಕಾಯಿತು.

ಎಲ್ಲ ಸಾಧ್ಯತೆಗಳನ್ನೂ ಪರೀಕ್ಷಿಸಲಾಗದು ಎಂಬ ಆಕ್ಷೇಪ ಮಾತ್ರ ನಿಜ. ಅದಕ್ಕೇ ಆಯ್ಕೆ ಬೇಕು. ಹಣ, ಪ್ರಾಣ, ಜನರ ಮಾಹಿತಿ ಎಲ್ಲಿ ಪಣಕ್ಕಿದೆಯೋ ಅಲ್ಲಿ ಮೊದಲು ಮತ್ತು ಹೆಚ್ಚು ಪರೀಕ್ಷೆ. ಬಟನ್‌ನ ಬಣ್ಣಕ್ಕೆ ಆಮೇಲೆ. ಉಳಿದ ಅಪಾಯವನ್ನು ತಗ್ಗಿಸಲು ಹೊಸದನ್ನು ಮೊದಲು ಕೆಲವರಿಗೆ, ನೋಡಿಕೊಂಡು ಎಲ್ಲರಿಗೂ ಕೊಡಬಹುದು. ಕ್ರೌಡ್‌ಸ್ಟ್ರೈಕ್‌ನ ಅಂದಿನ ಫೈಲ್ ಹೀಗೆ ಹಂತಹಂತವಾಗಿ ಹೋಗಲಿಲ್ಲ. ಆಟೊಮೇಷನ್ ಇದ್ದರೆ ಮನುಷ್ಯರೇ ಬೇಡ ಎನ್ನುವವರಿಗೂ ಅದರಲ್ಲಿ ಉತ್ತರವಿದೆ: ಆ ಫೈಲನ್ನು ಸರಿಯಿದೆ ಎಂದು ದಾಟಿಸಿದ್ದು ತಾನೇ ಬಗ್ ಹೊತ್ತಿದ್ದ ಒಂದು ತಪಾಸಣಾ ಸಾಫ್ಟ್‌ವೇರ್. ಯಂತ್ರ ಹೇಳಿಕೊಟ್ಟದ್ದನ್ನು ದಣಿಯದೆ ಮಾಡುತ್ತದೆ. ಯಾರೂ ಕೇಳದ ಪ್ರಶ್ನೆಯನ್ನು ಕೇಳಲು ಅನುಭವಿ ಟೆಸ್ಟರ್ ಬೇಕು.

ಆ ಟೆಸ್ಟರ್‌ಗೆ ನಮ್ಮ ಸಂಸ್ಥೆಗಳು ಏನು ಕೊಡಬೇಕು? ವಿನ್ಯಾಸದ ಮೊದಲ ದಿನದಿಂದ ಚರ್ಚೆಯಲ್ಲಿ ಜಾಗ, ಕೋಡಿಂಗ್ ತಡವಾದಾಗ ಕತ್ತರಿ ಬೀಳದ ಸಮಯ, ರಿಲೀಸ್ ದಿನಾಂಕಕ್ಕೆ ಜವಾಬ್ದಾರನಾದ ಮ್ಯಾನೇಜರ್‌ನ ಕೈಕೆಳಗಲ್ಲದ ವರದಿಯ ದಾರಿ. 2023ರ ಅಕ್ಟೋಬರ್ 21ರಂದು ಗಗನಯಾನದ ಪರೀಕ್ಷಾ ರಾಕೆಟ್ ಹಾರಲು 5 ಸೆಕೆಂಡ್ ಇದ್ದಾಗ ಕಂಪ್ಯೂಟರ್ ಉಡಾವಣೆಯನ್ನು ತಡೆಯಿತು. ದೇಶವೇ ನೋಡುತ್ತಿತ್ತು, ಆದರೂ ಇಸ್ರೊ ಕಾರಣ ಹುಡುಕಿ ಸರಿಪಡಿಸಿ, ಬೆಳಿಗ್ಗೆ 10 ಗಂಟೆಗೆ ಹಾರಿಸಿ ಯಶಸ್ವಿಯಾಯಿತು. ತಡವಾದದ್ದಕ್ಕೆ ಅಲ್ಲಿ ಯಾರೂ ತಲೆ ತಗ್ಗಿಸಬೇಕಾಗಲಿಲ್ಲ. ‘ಈಗ ಬೇಡ’ ಎಂದ ಟೆಸ್ಟರ್‌ಗೂ ಕಂಪನಿಗಳಲ್ಲಿ ಅದೇ ಗೌರವ ಸಿಗಬೇಕು.