ಹೊಸ್ತಿಲ ಎತ್ತರ

ವಿಪತ್ಕಾಲದಲ್ಲಿ ಒಂದೊಂದು ಜನಸಮುದಾಯದ ಸ್ವಭಾವ ಬಯಲಾಗುತ್ತದೆಂದು ಹೇಳುವುದು ವಾಡಿಕೆ. ಬೆಂಗಳೂರಿನ ಮಳೆಯ ಪ್ರಸ್ತಾಪ ಬಂದಾಗಲೆಲ್ಲ ಈ ಮಾತನ್ನು ಕೇಳುತ್ತಿದ್ದೇನೆ: ರಾಜಾಜಿನಗರ, ವಿಜಯನಗರಗಳವರು ಸಹನಶೀಲರಂತೆ, ಪೂರ್ವದ ಹೊಸ ಬಡಾವಣೆಗಳವರು ಗದ್ದಲದವರಂತೆ. ನನಗೆ ಇದು ಒಪ್ಪಿಗೆಯಿಲ್ಲ. ಸ್ವಭಾವಕ್ಕೆ ಮೊದಲು ನೆಲದ ಇಳಿಜಾರನ್ನು ನೋಡಬೇಕು.

ಊರಿನ ನಡುವೆ ಉತ್ತರ ದಕ್ಷಿಣವಾಗಿ ಏರುನೆಲವೊಂದು ಹಾದಿದೆ. ಅದರ ಪಶ್ಚಿಮಕ್ಕೆ ಬಿದ್ದ ನೀರು ವೃಷಭಾವತಿಯ ಪಾತ್ರ ಹಿಡಿದು, ಕೆಂಗೇರಿಯನ್ನು ದಾಟಿ, ಅರ್ಕಾವತಿಯ ಮೂಲಕ ಕಾವೇರಿಯನ್ನು ಸೇರುತ್ತದೆ. ಪೂರ್ವಕ್ಕೆ ಬಿದ್ದದ್ದು ಕೆರೆಯಿಂದ ಕೆರೆಗೆ ತುಳುಕುತ್ತ ದಕ್ಷಿಣ ಪಿನಾಕಿನಿಯತ್ತ ಸಾಗುತ್ತದೆ. ನಮ್ಮ ಕಡೆಯ ಇಳಿಜಾರು ಕಡಿದು. ನೆರೆ ಇಲ್ಲಿ ಕಳ್ಳನಂತೆ ನುಗ್ಗಿ ಬೆಳಗಾಗುವಷ್ಟರಲ್ಲಿ ಕೆಸರನ್ನು ಬಿಟ್ಟು ಹೋಗುತ್ತದೆ. ಅಲ್ಲಿ ಬೀಗರಂತೆ ದಿನಗಟ್ಟಲೆ ತಂಗುತ್ತದೆ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಮಹದೇವಪುರಗಳ ಜನ ಟ್ರ್ಯಾಕ್ಟರ್ ಏರಿ ಕಚೇರಿಗೆ ಹೋದ ಚಿತ್ರಗಳನ್ನು ದೇಶವೆಲ್ಲ ನೋಡಿತು. 2017ರ ಅಕ್ಟೋಬರ್ 13ರ ರಾತ್ರಿ ಕುರುಬರಹಳ್ಳಿಯಲ್ಲಿ ತಾಯಿ ಮಗಳಿಬ್ಬರೂ ಅರ್ಚಕರೊಬ್ಬರೂ ರಾಜಕಾಲುವೆಯ ಪಾಲಾದಾಗ ಚಿತ್ರ ತೆಗೆಯುವ ವ್ಯವಧಾನ ಯಾರಿಗಿತ್ತು? ನಿಂತ ನೀರು ಸಂಘವನ್ನೂ ಮನವಿಪತ್ರವನ್ನೂ ಹುಟ್ಟಿಸುತ್ತದೆ. ಹರಿದುಹೋದ ನೀರಿಗೆ ಪೊರಕೆಯೇ ಉತ್ತರ.

ಪೊರಕೆಯ ಕೆಲಸ ಮುಗಿದ ಮೇಲೆ ನಮ್ಮವರು ಹೊಸ್ತಿಲನ್ನು ಎತ್ತರಿಸುತ್ತಾರೆ. ಕಾಲುವೆಯ ಪಕ್ಕದ ಬೀದಿಗಳಲ್ಲಿ ನಡೆದು ನೋಡಿ: ಬಾಗಿಲಿಗೆ ಅಡ್ಡವಾಗಿ ಮೊಣಕಾಲೆತ್ತರದ ಕಟ್ಟೆ, ಅದನ್ನು ಹತ್ತಿ ಇಳಿಯಲು ಮೆಟ್ಟಿಲು. ಇದು ವಿವೇಕವೇ ಸರಿ. ಆದರೆ ಒಂದು ಮನೆ ತಡೆದ ನೀರು ಮಾಯವಾಗುವುದಿಲ್ಲ, ಪಕ್ಕದ ಮನೆಯ ಬಾಗಿಲು ತಟ್ಟುತ್ತದೆ. ಆತ ಇನ್ನೂ ಅರ್ಧ ಅಡಿ ಎತ್ತರಿಸುತ್ತಾನೆ. ಕಟ್ಟಕಡೆಗೆ ಅದು ನೆಲೆಗೊಳ್ಳುವುದು ಬಾಡಿಗೆಯ ಮನೆಯಲ್ಲಿ, ಏಕೆಂದರೆ ಹೊಸ್ತಿಲನ್ನು ಮುಟ್ಟುವ ಅಧಿಕಾರ ಬಾಡಿಗೆದಾರನಿಗಿಲ್ಲ. ಅಕ್ಕಿಯ ಡಬ್ಬವನ್ನೂ ಮಕ್ಕಳ ಪುಸ್ತಕಗಳನ್ನೂ ಅಟ್ಟಕ್ಕೇರಿಸುವುದಷ್ಟೇ ಅವನ ಪಾಲಿನ ಉಪಾಯ. ಒಂದೇ ಬೀದಿ, ಒಂದೇ ನುಡಿ, ಬಹುಶಃ ಒಂದೇ ಜಾತಿ. ಆದರೂ ಒಂದೇ ಮಳೆಗೆ ಎರಡು ಬಗೆಯ ಉತ್ತರ!

ಅದೇ 2017ರ ಜೂನಿನಲ್ಲಿ ಸರ್ಕಾರವು ಮಳೆಗಾಗಿ ಕಾವೇರಿಯ ತೀರದಲ್ಲಿ ಪರ್ಜನ್ಯ ಹೋಮ ಮಾಡಿಸಿತ್ತು. ವಿಚಾರವಂತರು ನಕ್ಕರು. ಹೋಮದಿಂದ ಮಳೆ ಬರುತ್ತದೆಂದು ನಾನೂ ನಂಬೆ. ಆದರೆ ಉತ್ತರ ಕರ್ನಾಟಕದಲ್ಲಿ ಮಳೆಗಾಗಿ ಗುರ್ಜಿಯನ್ನು ಹೊತ್ತು ಬಂದವರ ತಲೆಯ ಮೇಲೆ ಮನೆಮನೆಯವರೂ ನೀರು ಸುರಿಯುತ್ತಾರೆ. ಅಲ್ಲಿ ಊರಿಗೆ ಊರೇ ಪಾಲುದಾರ. ನಮ್ಮ ಹೊಸ್ತಿಲಿನ ವಿವೇಕದಲ್ಲಿ ಆ ಪಾಲುದಾರಿಕೆಯೇ ಇಲ್ಲ. ಹಿಂದೆ ಕೆರೆಯ ಊರುಗಳಲ್ಲಿ ನೀರಗಂಟಿಯೆಂಬವನಿದ್ದ. ತೂಬು ಎತ್ತುವುದು, ಗದ್ದೆಗಳಿಗೆ ಸರದಿಯಂತೆ ನೀರು ಬಿಡುವುದು ಅವನ ಹೊಣೆ. ಫಸಲಿನಲ್ಲಿ ಅವನಿಗೆ ಪಾಲು. ಊರಿನ ನೀರು ಒಬ್ಬ ಮನೆಯೊಡೆಯನ ಸ್ವಂತ ವ್ಯವಹಾರವಾಗಿರಲಿಲ್ಲ.

ಬೀದಿಯ ಜನ ಒಟ್ಟಿಗೆ ಕುಳಿತು ತೀರ್ಮಾನಿಸಬಹುದಾದ ಸಂಗತಿಗಳು ಎಷ್ಟೋ ಇವೆ. ಡಾಂಬರಿನ ಮೇಲೆ ಡಾಂಬರು ಸುರಿದು ರಸ್ತೆಯನ್ನೇ ಮನೆಗಳಿಗಿಂತ ಎತ್ತರ ಮಾಡುವುದನ್ನು ತಡೆಯಬಹುದು. ರಸ್ತೆಗಿಂತ ತಗ್ಗಿನಲ್ಲಿರುವ ಕೋಣೆಗಳಲ್ಲಿ ಯಾರು ಮಲಗುತ್ತಾರೆ, ಅವರಲ್ಲಿ ನಡೆಯಲಾರದವರು ಯಾರು, ನಡುರಾತ್ರಿ ಮಳೆ ಜೋರಾದರೆ ಅವರ ಬಾಗಿಲನ್ನು ಯಾರು ಬಡಿಯಬೇಕು ಎಂಬುದನ್ನು ಬರೆದಿಟ್ಟುಕೊಳ್ಳಬಹುದು. ಇದಕ್ಕೆ ಸರ್ಕಾರದ ಅಪ್ಪಣೆ ಬೇಕಿಲ್ಲ. ರಾಜ್ಯೋತ್ಸವದ ಚಂದಾ ಎತ್ತಲು ಮನೆಮನೆಗೆ ಹೋಗುವ ತರುಣರೇ, ಮುಂಗಾರಿಗೆ ಮುಂಚೆ ಇನ್ನೊಂದು ಸುತ್ತು ಬಂದರೆ ಸಾಕು.